ಮಾಡಿನ ಗಾಳಿಗಂಡಿ

ಮಲೆನಾಡಿನ ಹಳೆಯ ಹಂಚಿನ ಮನೆಗಳಲ್ಲಿ ಬೆಳಿಗ್ಗೆ ಒಲೆ ಹೊತ್ತಿಸಿದರೆ ಹೊಗೆ ಹೊರಗೆ ಬರುತ್ತಿದ್ದುದು ಚಿಮಣಿಯಿಂದಲ್ಲ, ಇಡೀ ಮಾಡಿನಿಂದ. ಅಡುಗೆಮನೆಯ ಮೇಲಿನ ಒಂದೊಂದು ಹಂಚಿನ ಸಂದಿಯಿಂದಲೂ ಅದು ಮೆಲ್ಲಗೆ ಏಳುತ್ತಿತ್ತು. ಆಷಾಢದ ಮಳೆಯನ್ನು ತಡೆಯುವ ಅದೇ ಸಂದಿಗಳು ಹೊಗೆಗೂ ಅಟ್ಟದ ಬಿಸಿಗೂ ದಾರಿ ಬಿಡುತ್ತಿದ್ದವು. ಹೊಗೆ ತಿಂದ ಪಕ್ಕಾಸು, ರೀಪುಗಳು ಕಪ್ಪಾಗುತ್ತಿದ್ದವು, ಹುಳ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಮನೆಗೆ ಗಾಳಿ ಬೇಕು ಎಂದರೆ ನಮಗೆ ನೆನಪಾಗುವುದು ಕಿಟಕಿ. ಹಳೆಯ ಆಚಾರಿಗಳು ಮಾಡಿನ ಗಾಳಿಯನ್ನೂ ಅಷ್ಟೇ ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಿದ್ದರು.

ಈ ಹಂಚು ನಮ್ಮಲ್ಲಿಗೆ ಬಂದ ಕಥೆ ಮಂಗಳೂರಿನದು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನೂ 1894ರಲ್ಲಿ ಕಿಟೆಲ್ ನಿಘಂಟನ್ನೂ ಕನ್ನಡಕ್ಕೆ ಕೊಟ್ಟದ್ದೂ ಇದೇ ಮಿಷನ್. 1868ರಲ್ಲಿ ಅಲ್ಬುಕರ್ಕ್ ಕಾರ್ಖಾನೆಯೂ ಶುರುವಾಯಿತು. ಒಂದಕ್ಕೊಂದು ಕಚ್ಚಿ ಕೂರುವ ಹಂಚಿನ ಮೂಲ ಫ್ರಾನ್ಸಿನ ಅಲ್ಸೇಸ್ ಪ್ರಾಂತ. ಅಲ್ಲಿನ ಜಿಲಾರ್ಡೋನಿ ಸಹೋದರರು 1841ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಆ ವಿನ್ಯಾಸ ನೇತ್ರಾವತಿ, ಗುರುಪುರ ನದಿಗಳ ದಡದ ಆವೆಮಣ್ಣಿಗೆ ಒಗ್ಗಿ, ಲೋಕಕ್ಕೆಲ್ಲ ಮಂಗಳೂರು ಹಂಚು ಎಂದೇ ಪರಿಚಯವಾಯಿತು.

ಕಾರ್ಖಾನೆಗಳು ಬರೀ ಹೊದಿಕೆಯ ಹಂಚನ್ನು ಮಾಡಿ ಸುಮ್ಮನಾಗಲಿಲ್ಲ. ಮಾಡಿನ ನೆತ್ತಿಗೊಂದು, ಮೂಲೆಗೊಂದು, ಬೆಳಕಿಗೊಂದು ಎಂದು ಬಗೆಬಗೆಯ ಹಂಚುಗಳಿದ್ದವು. ಅವುಗಳಲ್ಲಿ ನನಗೆ ಹೆಚ್ಚು ಅಚ್ಚರಿ ತರುವುದು ಗಾಳಿಯ ಹಂಚು. ಅಳತೆ ಸಾಮಾನ್ಯ ಹಂಚಿನದೇ. ನಡುಭಾಗ ಮಾತ್ರ ಮೇಲಕ್ಕೆ ಉಬ್ಬಿ, ಇಳಿಜಾರಿನ ಕಡೆಗೆ ಬಾಯಿ ತೆರೆದಿರುತ್ತದೆ. ಮೇಲಿನಿಂದ ಹರಿದು ಬಂದ ನೀರು ಉಬ್ಬನ್ನು ಬಳಸಿಕೊಂಡು ಎರಡೂ ಬದಿಯಿಂದ ಕೆಳಗಿಳಿಯುತ್ತದೆ. ಬಾಯೊಳಕ್ಕೆ ನುಗ್ಗಲು ಅದಕ್ಕೆ ದಾರಿಯಿಲ್ಲ. ಅಟ್ಟದ ಬಿಸಿಗಾಳಿಗೆ ಆ ಬಾಯಿ ಸದಾ ತೆರೆದೇ ಇರುತ್ತದೆ. ತಿರುಗುವ ಭಾಗವಿಲ್ಲ, ಕರೆಂಟು ಬೇಡ, ತುಕ್ಕು ಹಿಡಿಯುವ ಮಾತೂ ಇಲ್ಲ.

ಕಾಯ್ದ ಗಾಳಿ ಹಗುರಾಗಿ ಮೇಲೇರುತ್ತದೆ, ನೆತ್ತಿಯಲ್ಲಿ ದಾರಿ ಸಿಕ್ಕರೆ ಹೊರಗೆ ಹೋಗುತ್ತದೆ. ಆದರೆ ಅದು ಹೋದ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ಬರದಿದ್ದರೆ ಮೇಲಿನ ಕಿಂಡಿ ಎಷ್ಟೇ ದೊಡ್ಡದಿದ್ದರೂ ಕೆಲಸ ನಡೆಯದು. ಹಳೆಯ ಮನೆಗಳಲ್ಲಿ ಈ ಒಳದಾರಿ ಸೂರಿನ ಅಡಿಯಲ್ಲಿತ್ತು. ಗೋಡೆ ಮುಗಿದು ಪಕ್ಕಾಸು ಹೊರಚಾಚುವ ಕಡೆ ಒಂದು ಗೇಣು ಬಯಲು ಬಿಟ್ಟಿರುತ್ತಿದ್ದರು. ಮಾಡಿನ ಎರಡು ತುದಿಯ ತ್ರಿಕೋನ ಗೋಡೆಗಳಲ್ಲಿ ಮರದ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಕಿಂಡಿಗಳಿರುತ್ತಿದ್ದವು. ಕರಾವಳಿಯಲ್ಲಿ ಮಳೆ ಹೊಡೆಯುವುದು ನೈಋತ್ಯದಿಂದ. ಹಾಗಾಗಿ ಪಡುವಣ ಕಿಂಡಿಗೆ ಸೂರು ಉದ್ದವಾಗಿ ಚಾಚಿರಬೇಕು, ಪಟ್ಟಿಗಳ ಓರೆ ಹೆಚ್ಚಿರಬೇಕು. ಮೂಡಣದ ಕಿಂಡಿಯನ್ನು ಧಾರಾಳವಾಗಿ ತೆರೆಯಬಹುದು. ಮಳೆಗಾಲಕ್ಕೆ ಪಡುವಣ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದುದೂ ಇದೇ ತಿಳಿವಳಿಕೆಯಿಂದ. ತಟ್ಟಿ ಇರಚಲನ್ನು ತಡೆಯುತ್ತದೆ, ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ.

ಈ ಏರ್ಪಾಡು ಕೆಟ್ಟದ್ದು ಒಂದೇ ದಿನದಲ್ಲಲ್ಲ. ಗ್ಯಾಸ್ ಒಲೆ ಬಂದು ಹೊಗೆ ನಿಂತಿತು. ದೂಳು ಬೀಳುತ್ತದೆಂದು ಹಂಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಬಂತು. ಇಲಿ, ಬಾವಲಿ ನುಗ್ಗುತ್ತವೆಂದು ಸೂರಿನ ಬಯಲಿಗೆ ಸಿಮೆಂಟು ಮೆತ್ತಿದರು. ಚಂದ ಕಾಣಲೆಂದು ಜಿಪ್ಸಮ್ ಸೀಲಿಂಗ್ ಹಾಕಿಸಿದರು. ಮಲೆನಾಡಿನಲ್ಲಂತೂ ಮಂಗಗಳ ಕಾಟಕ್ಕೆ ಬೇಸತ್ತು ಹಂಚನ್ನೇ ಇಳಿಸಿ ತಗಡಿನ ಶೀಟು ಹೊದಿಸಿದವರು ಬಹಳ. ಅವರನ್ನು ದೂರುವಂತಿಲ್ಲ. ವರ್ಷವರ್ಷವೂ ಒಡೆದ ಹಂಚು ಬದಲಿಸುವವರ ಕಷ್ಟ ಅವರಿಗೇ ಗೊತ್ತು. ಆದರೆ ಹಂಚಿಗಿದ್ದ ಸಂದಿ ಶೀಟಿಗಿಲ್ಲ ಎಂಬುದನ್ನು ಕೆಲಸ ಮಾಡಿಸುವಾಗ ಯಾರೂ ಅವರಿಗೆ ಹೇಳಲಿಲ್ಲ. ಮಧ್ಯಾಹ್ನ ಶೀಟು ಕಾದು, ಅದರ ಕೆಳಗಿನ ಗಾಳಿ ಹೋಗಲು ದಾರಿಯಿಲ್ಲದೆ ಸೀಲಿಂಗನ್ನು ಕಾಯಿಸುತ್ತದೆ. ರಾತ್ರಿ ಫ್ಯಾನು ಹಾಕಿದರೆ ತಲೆಯ ಮೇಲೆ ಬೀಳುವುದು ಆ ಬಿಸಿಯೇ. ಮಳೆಗಾಲದಲ್ಲಿ ಅದೇ ಜಾಗ ತೇವ ಹಿಡಿದು ಬೂಸ್ಟು ಕಟ್ಟುತ್ತದೆ, ಮರ ಕುಂಬಾಗುತ್ತದೆ.

ಇದನ್ನು ಸರಿಪಡಿಸಲು ಮನೆ ಕೆಡವಬೇಕಿಲ್ಲ. ಮೊದಲು ಅಟ್ಟಕ್ಕೆ ಹತ್ತಿ ನೋಡಬೇಕು. ಸೂರಿನ ಬಳಿ ಬೆಳಕಿನ ಗೆರೆ ಕಾಣದಿದ್ದರೆ ಅಲ್ಲಿ ಮೆತ್ತಿದ ಸಿಮೆಂಟನ್ನು ಅಲ್ಲಲ್ಲಿ ಒಡೆಸಿ ಸಣ್ಣ ಕಣ್ಣಿನ ತುಕ್ಕು ಹಿಡಿಯದ ಜಾಲರಿ ಬಿಗಿಯಬೇಕು. ಹಂಚಿನ ಮಾಡಾದರೆ ನೆತ್ತಿಗೆ ಹತ್ತಿರದ ಸಾಲಿನಲ್ಲಿ ಗಾಳಿಯ ಹಂಚು ಕೂರಿಸಬಹುದು. ಶೀಟಾದರೆ ನೆತ್ತಿಯ ಟೋಪಿಯನ್ನು ಶೀಟಿಗೆ ಒತ್ತಿ ಬಿಗಿಯದೆ, ಕೆಳಗೆ ಪಟ್ಟಿ ಕೊಟ್ಟು ಸ್ವಲ್ಪ ಎತ್ತಿ ಕೂರಿಸಬೇಕು. ಟೋಪಿಯ ಅಂಚು ಎರಡೂ ಕಡೆ ಸಾಕಷ್ಟು ಇಳಿದಿದ್ದರೆ ನೀರು ಒಳಬರುವುದು ತಪ್ಪುತ್ತದೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಪೈಪನ್ನು ಅಟ್ಟದೊಳಗೆ ಬಿಟ್ಟಿದ್ದರೆ ಅದನ್ನು ತಪ್ಪದೆ ಹೊರಗೆಳೆಯಬೇಕು. ಆ ಹಬೆಯಷ್ಟು ಬೇಗ ಮರವನ್ನು ಕೆಡಿಸುವುದು ಬೇರೆ ಇಲ್ಲ. ಕಾರ್ಖಾನೆಗಳ ಮೇಲೆ ಗಾಳಿಗೆ ತಿರುಗುವ ಉಕ್ಕಿನ ಗುಂಡುಗಳನ್ನು ಈಗ ಮನೆಗೂ ಹಾಕುತ್ತಾರೆ. ಅವೂ ಕೆಲಸ ಮಾಡುತ್ತವೆ, ಆದರೆ ಕೆಳಗೆ ಒಳದಾರಿ ಇದ್ದರಷ್ಟೇ. ಇಲ್ಲದಿದ್ದರೆ ಕೋಣೆಯ ತಂಪು ಗಾಳಿಯನ್ನೇ ಸೀಲಿಂಗಿನ ಬಿರುಕಿನಿಂದ ಎಳೆದು ಹೊರಗೆ ಹಾಕುತ್ತವೆ.

ಎಷ್ಟು ತೆರೆದರೆ ಸಾಕು? ಅಮೆರಿಕದ ಗೃಹನಿರ್ಮಾಣ ನಿಯಮಾವಳಿ ಇದಕ್ಕೊಂದು ಲೆಕ್ಕ ಕೊಡುತ್ತದೆ. ಅಟ್ಟದ ನೆಲದ 150ರಲ್ಲಿ ಒಂದು ಪಾಲು ಗಾಳಿಗೆ ತೆರೆದಿರಬೇಕು. ಮೇಲೂ ಕೆಳಗೂ ಸರಿಯಾಗಿ ಹಂಚಿದ್ದರೆ, ಇನ್ನೂ ಕೆಲವು ಷರತ್ತುಗಳೊಂದಿಗೆ, 300ರಲ್ಲಿ ಒಂದು ಪಾಲು ಸಾಕು. ಅಂದರೆ 1000 ಚದರಡಿಯ ಅಟ್ಟಕ್ಕೆ ಸುಮಾರು 6.7 ಅಥವಾ 3.3 ಚದರಡಿ. ಜಾಲರಿಯ ತಂತಿ, ಓರೆ ಪಟ್ಟಿಗಳು ತಿನ್ನುವ ಜಾಗವನ್ನು ಕಳೆದು ಉಳಿದ ಬಯಲಿನ ಲೆಕ್ಕ ಇದು. ಅಲ್ಲಿನ ಚಳಿ ನಾಡುಗಳ ಚಿಂತೆ ಬೇರೆ: ಮನೆಯೊಳಗಿನ ತೇವ ಮೇಲೇರಿ ತಣ್ಣನೆಯ ಮಾಡಿಗೆ ತಾಗಿ ನೀರಾಗುತ್ತದೆ, ಹಿಮ ಕರಗಿ ಸೂರಿನಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಅಲ್ಲಿ ನೆಲೆಸಿರುವ ನಮ್ಮವರು ಸೂರಿನಡಿಯ ಕಿಂಡಿಗಳನ್ನು ಉಷ್ಣರೋಧಕ ಹತ್ತಿ ಮುಚ್ಚಿದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ಸೆಕೆಗೆ ಈ ಲೆಕ್ಕ ಕನಿಷ್ಠ ಎಂದೇ ನಾನು ಹಿಡಿಯುತ್ತೇನೆ. ಮಳೆ ತಡೆಯಲು ಆಗುವಷ್ಟರ ಮಟ್ಟಿಗೆ ಇನ್ನೂ ಹೆಚ್ಚು ತೆರೆಯಬೇಕು.

ಗಾಳಿಯೊಂದೇ ಎಲ್ಲವನ್ನೂ ಮಾಡದು. ಕಾದ ಶೀಟು ತನ್ನ ಕೆಳಗಿರುವುದಕ್ಕೆಲ್ಲ ನೇರವಾಗಿ ಶಾಖ ಸೂಸುತ್ತದೆ, ಗಾಳಿ ಆಡಿದರೂ ಅದು ಪೂರ್ತಿ ನಿಲ್ಲುವುದಿಲ್ಲ. ಬಿಳಿ ಅಥವಾ ತಿಳಿ ಬಣ್ಣದ ಶೀಟು ಆರಿಸುವುದು, ಸೀಲಿಂಗಿನ ಮೇಲೆ ಶಾಖ ತಡೆಯುವ ಹಾಸು ಹಾಕುವುದು ಜೊತೆಗೆ ಬೇಕು. ಸೋರುವ ತಾರಸಿಯ ಮೇಲೆ ಶೀಟು ಎಬ್ಬಿಸಿದವರು ನಾಲ್ಕೂ ಬದಿ ಮುಚ್ಚದೆ ಬಿಟ್ಟರೆ ಅರ್ಧ ಕೆಲಸ ಆದಂತೆಯೇ, ಕೆಳಗಿನ ಸ್ಲ್ಯಾಬಿಗೆ ನೆರಳೂ ಸಿಕ್ಕಿತು, ಗಾಳಿಯೂ ಆಡಿತು.

ಹಂಚು ಕೈಯಾಡಿಸುವವರು ಮಾಡು ಹತ್ತುವುದು ಏಪ್ರಿಲ್, ಮೇ ತಿಂಗಳಲ್ಲಿ. ಗಾಳಿಯ ಹಂಚು ಕೂರಿಸಲು, ಜಾಲರಿ ಬದಲಿಸಲು, ಕಿಂಡಿಗೆ ಕಟ್ಟಿದ ಜೇಡರ ಬಲೆ, ಹಕ್ಕಿಗೂಡಿನ ಕಸ ತೆಗೆಸಲು ಅದೇ ಸಮಯ. ಹಳೆಯ ಮನೆ ಕೆಡವಿದ ಕಡೆ ಮಾರುವ ಹಂಚಿನ ರಾಶಿಯಲ್ಲಿ ಉಬ್ಬಿದ ಹಂಚು ಈಗಲೂ ಸಿಗುತ್ತದೆ. ಕೊಳ್ಳುವ ಮುಂಚೆ ನಿಮ್ಮ ಮಾಡಿನದೊಂದು ಹಂಚು ಕೊಂಡೊಯ್ದು ಕಚ್ಚು ಕೂಡುತ್ತದೆಯೇ ಎಂದು ನೋಡಿ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಬಗೆ.