ಗೋದಾಮಿನಲ್ಲಿ ಮುಪ್ಪಾಗುವ ಬೀಜ
ಸೋಯಾಅವರೆ ದಾಸ್ತಾನುದಾರರು ಗಮನಿಸಬೇಕಾದ ಅಂಶಗಳು

ಅಕ್ಕಿ ವ್ಯಾಪಾರದಲ್ಲಿ ಹಳೆಯ ಮಾಲಿಗೆ ಹೊಸದಕ್ಕಿಂತ ಹೆಚ್ಚಿನ ಬೆಲೆ ದೊರೆಯುವುದುಂಟು. ಬಿತ್ತನೆ ಬೀಜದ ವ್ಯಾಪಾರದಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಬೀಜವು ಜೀವವಿರುವ ವಸ್ತು. ಚೀಲದಲ್ಲಿ ಕಟ್ಟಿಟ್ಟ ಮೇಲೂ ಅದಕ್ಕೆ ವಯಸ್ಸಾಗುತ್ತಲೇ ಇರುತ್ತದೆ. ಬೆಳಗಾವಿ ಜಿಲ್ಲೆಯ ಪ್ರಮುಖ ಮುಂಗಾರು ಬೆಳೆಗಳಲ್ಲೊಂದಾದ ಸೋಯಾಅವರೆಯಲ್ಲಿ ಈ ಮುಪ್ಪು ಇತರ ಅನೇಕ ಬೆಳೆಗಳಿಗಿಂತ ಬೇಗ ಬರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕಟಾವಾದ ಬೀಜ ಜೂನ್ ತಿಂಗಳ ಬಿತ್ತನೆಗೆ ಬರುವ ಮೊದಲು ಸುಮಾರು ಎಂಟು ತಿಂಗಳು ಉಗ್ರಾಣದಲ್ಲಿ ಕಳೆಯಬೇಕು. ಆ ಅವಧಿಯಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲೂ ಮಳೆಗಾಲದ ಮೊದಲ ತೇವವೂ ಸೇರಿರುತ್ತವೆ.

ಬೀಜದೊಳಗೆ ನಡೆಯುವುದೇನು?

ಸೋಯಾಅವರೆ ಬೀಜದಲ್ಲಿ ಸುಮಾರು ಶೇ. 20ರಷ್ಟು ಎಣ್ಣೆಯ ಅಂಶವಿದೆ. ಶಾಖ ಮತ್ತು ತೇವಾಂಶ ಹೆಚ್ಚಿದಂತೆ ಬೀಜದಲ್ಲಿನ ಕೊಬ್ಬಿನಂಶಗಳು ಗಾಳಿಯಲ್ಲಿನ ಆಮ್ಲಜನಕದೊಡನೆ ಸೇರಿ ಕೆಡುತ್ತವೆ. ಜೀವಕೋಶಗಳ ಪೊರೆಗಳೂ ಕೊಬ್ಬಿನಂಶದಿಂದಲೇ ಆದವುಗಳಾದ್ದರಿಂದ ಅವು ಸಡಿಲಗೊಳ್ಳುತ್ತವೆ. ನೀರು ತಾಗಿದಾಗ ಎಳೆಯ ಬೀಜ ತನ್ನ ಪೊರೆಗಳನ್ನು ಕೆಲವೇ ಗಂಟೆಗಳಲ್ಲಿ ಸರಿಪಡಿಸಿಕೊಂಡು, ಉಸಿರಾಟವನ್ನು ಚುರುಕುಗೊಳಿಸಿ, ಮೊಳಕೆಗೆ ಬೇಕಾದ ಶಕ್ತಿಯನ್ನು ಉತ್ಪಾದಿಸುತ್ತದೆ. ಮುಪ್ಪಾದ ಬೀಜಕ್ಕೆ ಈ ದುರಸ್ತಿ ಕಷ್ಟವಾಗುತ್ತದೆ. ಸಕ್ಕರೆ, ಲವಣ ಮೊದಲಾದವು ಹೊರಗೆ ಸೋರಿ ಮಣ್ಣಿನ ಶಿಲೀಂಧ್ರಗಳಿಗೆ ಆಹಾರವಾಗುತ್ತವೆ. ಕಿಣ್ವಗಳ ಕೆಲಸ ಕುಂಠಿತಗೊಂಡು, ಸಂಗ್ರಹಿತ ಆಹಾರ ಮೊಳಕೆಗೆ ಸಕಾಲದಲ್ಲಿ ಒದಗುವುದಿಲ್ಲ. ಮೊದಲು ಮೊಳಕೆ ತಡವಾಗುತ್ತದೆ. ಮುಂದೆ ಸಸಿ ವಿಕಾರವಾಗುತ್ತದೆ. ಕೊನೆಗೆ ಬೀಜ ಮೊಳೆಯುವುದೇ ಇಲ್ಲ.

ಚೀಟಿಯ ಅಂಕಿ ಹೇಳದ ಸಂಗತಿ

ಪ್ರಮಾಣಿತ ಸೋಯಾಅವರೆ ಬೀಜ ಕನಿಷ್ಠ ಶೇ. 70ರಷ್ಟು ಮೊಳೆಯಬೇಕೆಂಬ ನಿಯಮವಿದೆ. ಆದರೆ ಆ ಅಂಕಿ ಪರೀಕ್ಷೆ ನಡೆದ ದಿನದ್ದು, ಅದೂ ಪ್ರಯೋಗಾಲಯದ ಅನುಕೂಲ ವಾತಾವರಣದ್ದು. ಬೀಜದ ಕಸುವು ಮೊಳಕೆಯ ಶೇಕಡಾವಾರಿಗಿಂತ ಮೊದಲೇ ಇಳಿಯುತ್ತದೆ. ಆದಕಾರಣ ಚೀಟಿಯಲ್ಲಿ ಒಂದೇ ಅಂಕಿಯಿರುವ ಎರಡು ಚೀಲಗಳಲ್ಲಿ ಒಂದು ಹೊಲದಲ್ಲಿ ಹುಲುಸಾಗಿ ಎದ್ದು, ಇನ್ನೊಂದು ಸೋಲಬಹುದು. ಈ ವ್ಯತ್ಯಾಸವನ್ನು ಕಂಡುಹಿಡಿಯಲೆಂದೇ ಪ್ರಯೋಗಾಲಯಗಳಲ್ಲಿ ಬೀಜವನ್ನು 41 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ತುಂಬು ತೇವದ ಗಾಳಿಯಲ್ಲಿ 72 ಗಂಟೆ ಇರಿಸಿ, ಬಳಿಕ ಮೊಳಕೆ ಪರೀಕ್ಷಿಸುವ ಕ್ರಮವಿದೆ.

ತೇವ ಮತ್ತು ತಾಪ

ಅಮೆರಿಕದ ಬೀಜವಿಜ್ಞಾನಿ ಹ್ಯಾರಿಂಗ್ಟನ್ ನೀಡಿದ ಸ್ಥೂಲಸೂತ್ರದಂತೆ, ಬೀಜದ ತೇವಾಂಶ ಶೇ. 1ರಷ್ಟು ಇಳಿದರೆ ಅದರ ಸಂಗ್ರಹಾಯುಷ್ಯ ಇಮ್ಮಡಿಯಾಗುತ್ತದೆ. ಉಷ್ಣತೆ 5 ಡಿಗ್ರಿ ಇಳಿದರೂ ಹಾಗೆಯೇ. ತೇವಾಂಶ ಶೇ. 12ರಿಂದ 10ಕ್ಕೆ ಇಳಿದರೆ ಆಯುಷ್ಯ ಸುಮಾರು ನಾಲ್ಕು ಪಟ್ಟು ಎಂದಾಯಿತು. ಸಾಮಾನ್ಯ ಚೀಲದಲ್ಲಿ ಸೋಯಾಅವರೆಯ ತೇವಾಂಶ ಶೇ. 12ನ್ನೂ, ಆವಿ ನುಸುಳದ ಪೊಟ್ಟಣದಲ್ಲಿ ಶೇ. 7ನ್ನೂ ಮೀರಕೂಡದು. ತೇವವಿರುವ ಬೀಜವನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ರಕ್ಷಣೆಯ ಬದಲು ಹಾನಿಯೇ ಆಗುತ್ತದೆ.

ಬೀಜವು ಸುತ್ತಲಿನ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ. ಮಹಾಂತೇಶ ನಗರದ ಮಳಿಗೆಯಲ್ಲಿ ಸುರಕ್ಷಿತವಾಗಿದ್ದ ಚೀಲವನ್ನು ಮಳೆ ಹೆಚ್ಚಿರುವ ಖಾನಾಪುರದ ಕಡೆಗೆ ಸಾಗಿಸಿ ಕೆಲವು ವಾರ ತೆರೆದ ಕೊಠಡಿಯಲ್ಲಿಟ್ಟರೆ ಅದರ ತೇವಾಂಶ ಏರುವುದು ಸಹಜ. ಆದ್ದರಿಂದ ಮಳೆ ಹೆಚ್ಚಿರುವ ತಾಲ್ಲೂಕಿಗೆ ಬಿತ್ತನೆಯ ಹೊತ್ತಿಗೆ ಬೇಕಾದಷ್ಟನ್ನೇ ಕಳುಹಿಸುವುದು ಲೇಸು.

ವ್ಯಾಪಾರಸ್ಥರ ಹೊಣೆ

1966ರ ಬೀಜ ಕಾಯ್ದೆಯ 7ನೆಯ ಕಲಮಿನ ಪ್ರಕಾರ, ಅಧಿಸೂಚಿತ ತಳಿಯ ಬೀಜವನ್ನು ಮಾರುವವರು ಅದು ಕನಿಷ್ಠ ಮೊಳಕೆ ಪ್ರಮಾಣಕ್ಕೆ ಸರಿಹೊಂದುವಂತೆ ನೋಡಿಕೊಳ್ಳಬೇಕು. ಕಳಪೆ ಬೀಜದಿಂದ ನಷ್ಟ ಹೊಂದಿದ ರೈತರು ಗ್ರಾಹಕ ವೇದಿಕೆಯ ಮೊರೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಸ್ಪಷ್ಟಪಡಿಸಿದೆ. ಬೀಜದ ಬೆಲೆಯನ್ನು ಹಿಂದಿರುಗಿಸಿದ ಮಾತ್ರಕ್ಕೆ ರೈತನಿಗೆ ಕಳೆದುಹೋದ ಹಂಗಾಮು ಮರಳಿ ಬಾರದು.

ಹೀಗಾಗಿ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಗಳ ಮೇಲೆ, ಗೊಬ್ಬರ ಮತ್ತು ಕೀಟನಾಶಕಗಳಿಂದ ದೂರದಲ್ಲಿ ಇಡಬೇಕು. ಸೋಯಾಅವರೆಯ ಸಿಪ್ಪೆ ತೆಳುವಾಗಿದ್ದು, ಬೇರಿನ ಮೊಳಕೆ ಅದರ ಅಡಿಯಲ್ಲೇ ಇರುವುದರಿಂದ ಹಮಾಲರು ಚೀಲಗಳನ್ನು ಎತ್ತರದಿಂದ ಎಸೆಯದಂತೆ ಎಚ್ಚರ ವಹಿಸಬೇಕು. ಪ್ರಮಾಣಪತ್ರದ ಅವಧಿ ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು. ಮರುಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅದನ್ನು ಮತ್ತೆ ಆರು ತಿಂಗಳು ವಿಸ್ತರಿಸಲು ಅವಕಾಶವಿದೆ. ಅವಧಿ ಉಳಿದಿದ್ದರೂ ಮೇ ತಿಂಗಳಲ್ಲಿ ಪ್ರತಿ ರಾಶಿಯಿಂದ ನೂರು ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಎಂಟನೆಯ ದಿನ ಗಟ್ಟಿಮುಟ್ಟಾದ ಸಸಿಗಳನ್ನು ಮಾತ್ರ ಎಣಿಸಿ ನೋಡುವುದು ಉಚಿತ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಆ ರಾಶಿಯನ್ನು ಬೀಜವೆಂದು ಮಾರದೆ ಪ್ರಯೋಗಾಲಯದ ಮರುಪರೀಕ್ಷೆಗೆ ಕಳುಹಿಸಬೇಕು. ಅಲ್ಲಿಯೂ ಸೋತರೆ, ವಿಷದ ಬೀಜೋಪಚಾರವಾಗಿರದ ಕಾಳನ್ನು ಎಣ್ಣೆ ಗಿರಣಿಗೆ ನೀಡುವುದು ರೈತನಿಗೂ ವ್ಯಾಪಾರಸ್ಥರಿಗೂ ಕ್ಷೇಮಕರ.