ನಾಳೆಯ ನಗರ

ನಾಳೆ ಹೇಗಿರುವುದು ಎಂಬ ಕುತೂಹಲ ಮಾನವನಿಗೆ ಇಂದು ನಿನ್ನೆ ಹುಟ್ಟಿದುದಲ್ಲ. ರೈತನು ಮುಗಿಲನ್ನು ನೋಡುತ್ತಾನೆ. ಜೋಯಿಸರು ಪಂಚಾಂಗವನ್ನು ಬಿಡಿಸುತ್ತಾರೆ. ತಾಯಿ ತೊಟ್ಟಿಲಲ್ಲಿ ಮಲಗಿದ ಮಗುವನ್ನು ದಿಟ್ಟಿಸುತ್ತಾಳೆ. ಆದರೆ ನಾಳೆಯನ್ನು ಊಹಿಸಿದಷ್ಟಕ್ಕೇ ತೃಪ್ತನಾಗದೆ, ಅದನ್ನು ಕಟ್ಟಿಯೇ ತೋರಿಸುವೆನೆಂದು ಹೊರಟವನೊಬ್ಬನಿದ್ದನು. ಮಿಕ್ಕಿ ಮೌಸ್ ಎಂಬ ಇಲಿಯ ಚಿತ್ರಗಳಿಂದ ಜಗತ್ತಿನ ಮಕ್ಕಳಿಗೆಲ್ಲ ಪರಿಚಿತನಾದ ವಾಲ್ಟ್ ಡಿಸ್ನಿಯೇ ಅವನು. ಅವನ ಕನಸಿನಿಂದ ಹುಟ್ಟಿದ ಸ್ಥಳವೇ ಎಪ್ಕಾಟ್.

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ತುದಿಯಲ್ಲಿ ಫ್ಲಾರಿಡಾ ರಾಜ್ಯವಿದೆ. ಅಲ್ಲಿನ ಒರ್ಲ್ಯಾಂಡೊ ನಗರದ ಸಮೀಪದಲ್ಲಿ ಡಿಸ್ನಿಯ ಸಂಸ್ಥೆಯು 1960ರ ದಶಕದಲ್ಲಿ ಸುಮಾರು 27,000 ಎಕರೆ ಭೂಮಿಯನ್ನು ಕೊಂಡಿತು. ಅಲ್ಲಿ 20,000 ಜನರು ವಾಸಿಸುವ ಮಾದರಿ ನಗರವೊಂದನ್ನು ನಿರ್ಮಿಸಬೇಕೆಂಬುದು ಡಿಸ್ನಿಯ ಬಯಕೆ. ನಗರದ ನಡುವಣ 50 ಎಕರೆ ಪ್ರದೇಶಕ್ಕೆ ಚಾವಣಿ ಇದ್ದು ಬಿಸಿಲು ಮಳೆಗಳ ಕಾಟವಿರಬಾರದು. ಮೋಟಾರು ವಾಹನಗಳು ನೆಲದಡಿಯ ಹಾದಿಗಳಲ್ಲಿ ಓಡಬೇಕು. ಮೇಲಿನ ಬೀದಿಗಳು ನಡೆಯುವವರಿಗೇ ಮೀಸಲಾಗಿರಬೇಕು. ಅಲ್ಲಿ ಯಾರಿಗೂ ಸ್ವಂತ ಮನೆಯಿಲ್ಲ, ಎಲ್ಲರೂ ಬಾಡಿಗೆಗೆ ಇರತಕ್ಕವರು. ಪ್ರತಿಯೊಬ್ಬರಿಗೂ ಉದ್ಯೋಗವಿರಬೇಕು; ನಿವೃತ್ತರಿಗೆ ಸ್ಥಳವಿಲ್ಲ. ಈ ನಿಯಮವನ್ನು ಓದಿದಾಗ, ಪಾಠಶಾಲೆಯಿಂದ ನಿವೃತ್ತನಾದ ಈ ಲೇಖಕನಿಗೆ ನಗು ಬಂದಿತು. ಆದರೆ ಮುಂದಿನ ಮಾತು ನಗುವಂಥದಲ್ಲ: ಭೂಮಿಯ ಒಡೆತನವಿಲ್ಲದ ಆ ನಿವಾಸಿಗಳಿಗೆ, ಊರು ಹೇಗೆ ನಡೆಯಬೇಕೆಂದು ಮತವಿತ್ತು ನಿರ್ಧರಿಸುವ ಅಧಿಕಾರವೂ ಇರುತ್ತಿರಲಿಲ್ಲ.

1966ರ ಡಿಸೆಂಬರ್ 15ರಂದು ಡಿಸ್ನಿಯು ತೀರಿಕೊಂಡನು. ನಗರದ ಯೋಜನೆ ಅಲ್ಲಿಗೇ ನಿಂತಿತು. ಮುಂದೆ ಅವನ ಸಂಸ್ಥೆಯು ಅದೇ ಹೆಸರಿನಿಂದ ಒಂದು ಪ್ರದರ್ಶನೋದ್ಯಾನವನ್ನು ರಚಿಸಿ, 1982ರ ಅಕ್ಟೋಬರ್ 1ರಂದು ಸಾರ್ವಜನಿಕರಿಗೆ ತೆರೆಯಿತು. ಊರಾಗಬೇಕಾದುದು ಜಾತ್ರೆಯಾಯಿತು.

ಈ ಉದ್ಯಾನದ ಬಾಗಿಲಲ್ಲಿಯೇ ಬೆಳ್ಳಿಯ ಬಣ್ಣದ ಬೃಹತ್ ಗೋಳವೊಂದು ಕಣ್ಣಿಗೆ ಬೀಳುತ್ತದೆ. ಅದರ ವ್ಯಾಸ 165 ಅಡಿ. ಆರು ಕಾಲುಗಳ ಮೇಲೆ ನಿಂತಿರುವ ಅದರ ಹೊರಮೈಯಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕ ತ್ರಿಕೋನಗಳಿವೆ. ತ್ರಿಕೋನಗಳೇ ಏಕೆ? ನಾಲ್ಕು ಕಡ್ಡಿಗಳನ್ನು ಚೌಕವಾಗಿ ಕಟ್ಟಿ ಒಂದು ಮೂಲೆಯನ್ನು ಒತ್ತಿರಿ, ಚೌಕವು ಓರೆಯಾಗುತ್ತದೆ. ಮೂರು ಕಡ್ಡಿಗಳನ್ನು ಕಟ್ಟಿ ಒತ್ತಿರಿ, ಆಕಾರ ಬದಲಾಗದು. ಈ ಸರಳ ತತ್ತ್ವದ ಬಲದಿಂದ ಹಗುರವೂ ಭದ್ರವೂ ಆದ ಗುಮ್ಮಟಗಳನ್ನು ಕಟ್ಟಬಹುದೆಂದು ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ವಿನ್ಯಾಸಕಾರನು ಲೋಕಕ್ಕೆ ತೋರಿಸಿಕೊಟ್ಟಿದ್ದನು. ಗೋಳದ ಮೇಲೆ ಸುರಿದ ಮಳೆ ಕೆಳಗಿನವರ ತಲೆಯ ಮೇಲೆ ಬೀಳುವುದಿಲ್ಲ. ಫಲಕಗಳ ಸಂದುಗಳಲ್ಲಿ ಇಳಿದು, ಒಳಗಿನ ಕಾಲುವೆಗಳ ಮೂಲಕ ಉದ್ಯಾನದ ಸರೋವರವನ್ನು ಸೇರುತ್ತದೆ.

ಗೋಳದ ಒಳಗೆ, ಮೆಲ್ಲನೆ ಮೇಲೇರುವ ಚಿಕ್ಕ ಬಂಡಿಗಳಲ್ಲಿ ಕುಳಿತವರಿಗೆ ಮಾನವನು ಮಾತನ್ನು ಉಳಿಸಿಕೊಂಡ ಕಥೆಯನ್ನು ತೋರಿಸುವ ಏರ್ಪಾಡಾಯಿತು. ಗುಹೆಯ ಗೋಡೆಯ ಚಿತ್ರಗಳು, ಈಜಿಪ್ಟಿನ ಪಪೈರಸ್ ಹಾಳೆ, ಫಿನೀಷಿಯನ್ನರ ಅಕ್ಷರಗಳು, ಗುಟೆನ್‌ಬರ್ಗನ ಅಚ್ಚಿನ ಯಂತ್ರ, ತಂತಿ, ದೂರವಾಣಿ, ಗಣಕಯಂತ್ರ ಒಂದಾದ ಮೇಲೊಂದು ಬರುತ್ತವೆ. ಇನ್ನೊಂದೆಡೆಯ ಗಾಜಿನ ಮನೆಗಳಲ್ಲಿ ಮಣ್ಣಿಲ್ಲದೆಯೇ ಗಿಡಗಳು ಬೆಳೆಯುತ್ತವೆ. ಬೇರುಗಳಿಗೆ ಬೇಕಾದುದು ಮಣ್ಣಲ್ಲ; ಮಣ್ಣಿನಲ್ಲಿರುವ ನೀರು, ಗಾಳಿ ಮತ್ತು ಲವಣಗಳು. ಆದುದರಿಂದ ಲವಣಗಳನ್ನು ಕರಗಿಸಿದ ನೀರನ್ನು, ಗಾಳಿಯಲ್ಲಿ ತೂಗಾಡುವ ಬೇರುಗಳಿಗೆ ಸಿಂಪಡಿಸಿದರೆ ಸಾಕು. ಗಿಡ ಫಲ ಕೊಡುತ್ತದೆ.

ನಾಳೆಯನ್ನು ತೋರಿಸುವವರಿಗೆ ಒಂದು ಸಂಕಟವಿದೆ. ನಾಳೆ ಎಂಬುದು ಕಾಯುತ್ತ ನಿಲ್ಲುವುದಿಲ್ಲ. 1982ರಲ್ಲಿ ಇಲ್ಲಿಗೆ ಬಂದವರು ಗಾಜಿನ ತೆರೆಯೊಂದನ್ನು ಬೆರಳಿನಿಂದ ಮುಟ್ಟಿ ಮಾಹಿತಿಯನ್ನು ಪಡೆದು ಬೆರಗಾದರು. ಇಂದು ಅಂತಹ ತೆರೆ ಹಳ್ಳಿಯ ಸಂತೆಯಲ್ಲಿ ತರಕಾರಿ ಮಾರುವವಳ ಕೈಯಲ್ಲಿಯೂ ಇದೆ. ಅದಕ್ಕೆ ಯಾರೂ ಬೆರಗಾಗುವುದಿಲ್ಲ. ಮರುಭೂಮಿಯ ಬೇಸಾಯ, ಕಡಲಡಿಯ ಊರು, ಅಂತರಿಕ್ಷದ ವಸತಿ ಇವುಗಳನ್ನು ಚಿತ್ರಿಸಿದ ‘ಹೊರೈಜನ್ಸ್’ ಎಂಬ ಮಂಟಪವು 1983ರಲ್ಲಿ ತೆರೆಯಿತು, 1999ರಲ್ಲಿ ಮುಚ್ಚಿತು, ಬಳಿಕ ನೆಲಸಮವಾಯಿತು. ಸಾರಿಗೆಯ ಕಥೆಯನ್ನು ಹೇಳುತ್ತಿದ್ದ ಮಂಟಪವೂ 1996ರಲ್ಲಿ ಕಣ್ಮರೆಯಾಯಿತು.

ಆದರೆ ಅದೇ ಉದ್ಯಾನದ ಸರೋವರದ ಸುತ್ತ ನಡೆದರೆ ಬೇರೊಂದು ನೋಟ ಎದುರಾಗುತ್ತದೆ. ಸುಮಾರು ಒಂದೂಕಾಲು ಮೈಲಿಯ ಆ ಹಾದಿಯ ಉದ್ದಕ್ಕೂ ಹನ್ನೊಂದು ದೇಶಗಳ ಮಂಟಪಗಳಿವೆ. ಮೊದಲು ಒಂಬತ್ತಿದ್ದವು, 1984ರಲ್ಲಿ ಮೊರಾಕ್ಕೊ, 1988ರಲ್ಲಿ ನಾರ್ವೆ ಸೇರಿದವು. ಚೀನಾದ ಪ್ರಾರ್ಥನಾ ಮಂದಿರದ ಪ್ರತಿಕೃತಿ, ಜಪಾನಿನ ಐದು ಅಂತಸ್ತಿನ ಪಗೋಡ, ನಾರ್ವೆಯ ಮರದ ಚರ್ಚು ಒಂದರ ಬಳಿಕ ಒಂದು ಕಾಣುತ್ತವೆ. ಮೊರಾಕ್ಕೊದ ಮಂಟಪಕ್ಕಾಗಿ ಆ ದೇಶದ ದೊರೆ ಎರಡನೆಯ ಹಸನನು ತನ್ನ ಕುಶಲಕರ್ಮಿಗಳನ್ನೇ ಕಳುಹಿಸಿದನು. ಅವರು ತಲೆತಲಾಂತರದಿಂದ ಬಂದ ರೀತಿಯಲ್ಲಿ ಬಣ್ಣಬಣ್ಣದ ಹೆಂಚಿನ ಚೂರುಗಳನ್ನು ಕೈಯಿಂದ ಜೋಡಿಸಿದರು. ಆ ಗೋಡೆಗಳು ಇಂದಿಗೂ ನಿಂತಿವೆ. ನಾಳೆಯ ಮಂಟಪಗಳು ಹಳತಾಗಿ ಉರುಳಿದವು. ನಿನ್ನೆಯ ಕೈಕೆಲಸ ಹಳತಾಗಲಿಲ್ಲ.

ಈ ಜಗತ್ತಿಗೂ ಒಂದು ಮಿತಿಯಿದೆ. ಅದರಲ್ಲಿ ಭಾರತದ ಮಂಟಪವಿಲ್ಲ; ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕದ ಯಾವ ದೇಶದ ಮಂಟಪವೂ ಇಲ್ಲ. ಇರುವ ದೇಶಗಳೂ ಒಂದು ಗೋಪುರ, ಒಂದು ಭೋಜನಶಾಲೆ, ಒಂದು ಅಂಗಡಿಯಲ್ಲಿ ಅಡಗಿವೆ. ಒಂದು ನಾಡೆಂದರೆ ಇಷ್ಟೇ ಅಲ್ಲ. ಅಲ್ಲಿನ ಜನರ ಜಗಳ, ದುಡಿಮೆ, ಹಾಡು, ಸಾಲ ಇವು ಯಾವ ಪ್ರದರ್ಶನದಲ್ಲಿಯೂ ಹಿಡಿಸುವುದಿಲ್ಲ. ಆದರೂ ಆ ಮಂಟಪಗಳಲ್ಲಿ ದುಡಿಯಲು ಆಯಾ ದೇಶಗಳಿಂದಲೇ ಬಂದ ಯುವಕ ಯುವತಿಯರು ಅನೇಕರಿದ್ದಾರೆ. ಅವರಲ್ಲೊಬ್ಬರೊಡನೆ ಎರಡು ಮಾತನಾಡಿದ ಪ್ರವಾಸಿಗನು, ಗೋಪುರದಿಂದ ಕಲಿಯಲಾಗದುದನ್ನು ಕಲಿತಾನು.

ಡಿಸ್ನಿಯ ಕನಸು ಸಣ್ಣದಾಗಿರಲಿಲ್ಲ. ಗಾಡಿಗಳ ಹೊಗೆಯಿಲ್ಲದ, ನಡೆಯುವವನಿಗೆ ಗೌರವವಿರುವ ನಗರ ನಮಗೆ ಇಂದಿಗೂ ಬೇಕು. ಆದರೆ ಒಬ್ಬನು ನಕ್ಷೆ ಬರೆದು ಉಳಿದವರು ಬಾಡಿಗೆಗೆ ಬಂದು ಸೇರುವುದರಿಂದ ಊರಾಗದು. ವಾಸಿಸುವವರ ಮಾತಿಗೆ ಬೆಲೆಯಿರುವಲ್ಲಿ, ಮುದುಕರಿಗೂ ಮಕ್ಕಳಿಗೂ ಸ್ಥಳವಿರುವಲ್ಲಿ ಅದು ನಿಧಾನವಾಗಿ ಬೆಳೆಯುತ್ತದೆ. ಎಪ್ಕಾಟಿನ ಟಿಕೆಟು ಕೊಂಡವರು ನಾಳೆಯ ಚಿತ್ರವನ್ನು ನೋಡಿ ಸಂಜೆ ಮನೆಗೆ ಮರಳುತ್ತಾರೆ. ನಿಜವಾದ ನಾಳೆ ಅವರು ಮರಳುವ ಆ ಮನೆಯಲ್ಲಿ, ಆ ಬೀದಿಯಲ್ಲಿ ಇದೆ. ನಿಮ್ಮದು ನಿಮ್ಮ ಊರಿನಲ್ಲಿಯೇ ಇದೆ.