ತೊಗಟೆ, ಮಣಿ, ಹಲ್ಲಿನ ಗುರುತು

ಮೇಜಿನ ಮೇಲೆ ಬರ್ಚ್ ಮರದ ತೊಗಟೆ ಸುರುಳಿ ಸುತ್ತಿಕೊಂಡು ಬಿದ್ದಿದೆ. ಹಿರಿಯ ಹೆಂಗಸೊಬ್ಬರು ಅದರಿಂದ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪದರವೊಂದನ್ನು ಉಗುರಿನಿಂದ ಎಬ್ಬಿಸುತ್ತಾರೆ. ಮಡಚಿ, ಮತ್ತೊಮ್ಮೆ ಮಡಚಿ ಬಾಯಿಗಿಟ್ಟುಕೊಳ್ಳುತ್ತಾರೆ. ಕೋರೆಹಲ್ಲು ಮೆಲ್ಲಗೆ ಒತ್ತುತ್ತದೆ, ಸರಿಯುತ್ತದೆ, ಮತ್ತೆ ಒತ್ತುತ್ತದೆ. ಗೆರೆ ಹಾಕಿಕೊಂಡಿಲ್ಲ, ಕಚ್ಚುತ್ತಿರುವುದು ಅವರ ಕಣ್ಣಿಗೂ ಕಾಣುವುದಿಲ್ಲ. ಮಡಿಕೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ತೊಗಟೆಯಲ್ಲಿ ಒಂದು ಹೂವು, ಅದರ ಸುತ್ತ ನಾಲ್ಕು ಚಿಟ್ಟೆಗಳು. ಸುತ್ತ ನಿಂತ ಮಕ್ಕಳು ಉಸಿರು ಬಿಡುತ್ತಾರೆ.

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ, ಮಿಲ್ ಲ್ಯಾಕ್ಸ್ ಎಂಬ ದೊಡ್ಡ ಸರೋವರದ ದಡದಲ್ಲಿದೆ ಈ ಮೇಜಿರುವ ಇಂಡಿಯನ್ ಮ್ಯೂಸಿಯಂ. ಇದು ಒಜಿಬ್ವೆ ಎಂಬ ಮೂಲನಿವಾಸಿ ಜನರ ನೆಲ. ಇಲ್ಲಿ ಅಂಗಡಿ ನಡೆಸುತ್ತಿದ್ದ ಏಯರ್ ದಂಪತಿ ತಮ್ಮ ಸಂಗ್ರಹವನ್ನು 1959ರಲ್ಲಿ ಮಿನ್ನೆಸೋಟಾ ಹಿಸ್ಟಾರಿಕಲ್ ಸೊಸೈಟಿಗೆ ಒಪ್ಪಿಸಿದರು. ಈಗಿನ ಕಟ್ಟಡ 1996ರದು. ಒಳಗೆ ನಾಲ್ಕು ಋತುಗಳ ಕೋಣೆಯಿದೆ: ಮೇಪಲ್ ರಸ ಕಾಯಿಸುವವರು, ಕಾಡು ಭತ್ತ ಹಸನು ಮಾಡುವವರು, ಎಲ್ಲರೂ ಆಳೆತ್ತರದ ಬೊಂಬೆಗಳು. ಊರಿನ ಒಜಿಬ್ವೆಯವರನ್ನೇ ಕೂರಿಸಿ ಅಚ್ಚು ತೆಗೆದದ್ದರಿಂದ ಆ ಮುಖಗಳು ಯಾರದೋ ಅಜ್ಜ, ಯಾರದೋ ಚಿಕ್ಕಮ್ಮ. ಆದರೂ ನನ್ನ ಮಟ್ಟಿಗೆ ಆ ಕೋಣೆಗಿಂತ, ಕೈಗಳು ಓಡಾಡುತ್ತಿರುವ ಈ ಮೇಜೇ ಹೆಚ್ಚು.

ತೊಗಟೆಗೆ ಒಜಿಬ್ವೆ ಮಾತಿನಲ್ಲಿ ವೀಗ್ವಾಸ್ ಎಂದು ಹೆಸರು. ನಮ್ಮ ಹಿಮಾಲಯದ ಭೂರ್ಜ ಮರಕ್ಕೆ ಈ ಬರ್ಚ್ ಹತ್ತಿರದ ನೆಂಟ. ಬೇಸಿಗೆಯ ಆರಂಭದಲ್ಲಿ ಮರದ ಮೈ ಸಡಿಲವಾಗುತ್ತದೆ. ಉದ್ದಕ್ಕೆ ಒಂದು ಗೀರು ಎಳೆದರೆ ಸಾಕು, ತೊಗಟೆ ತಾನೇ ಬಿಟ್ಟುಕೊಳ್ಳುತ್ತದೆ. ಕೊಯ್ಯುವ ಮೊದಲು ಮರದ ಬುಡಕ್ಕೆ ಚಿಟಿಕೆ ತಂಬಾಕು ಇಡುವುದು ವಾಡಿಕೆ. ಒಳತೊಗಟೆಗೆ ಪೆಟ್ಟಾಗದಿದ್ದರೆ ಮರ ಬದುಕುತ್ತದೆ. ಇದರಿಂದಲೇ ಮಕಕ್ ಎಂಬ ಡಬ್ಬಿ, ಭತ್ತ ಕೇರುವ ಮೊರ, ದೋಣಿ. ಡಬ್ಬಿಯಲ್ಲಿ ಮರದ ಬಿಳಿ ಮೈ ಒಳಗಾಗುತ್ತದೆ, ಕಂದು ಮೈ ಹೊರಗಾಗುತ್ತದೆ. ಬಾಸ್‌ವುಡ್ ಮರದ ನಾರೇ ಹೊಲಿಗೆಯ ದಾರ.

ಪಕ್ಕದ ಮೇಜಿನಲ್ಲಿ ಮಣಿ ಕೆಲಸ. ಕಪ್ಪು ಮಖಮಲ್ಲಿನ ಮೇಲೆ ಎರಡು ಸೂಜಿ ಓಡುತ್ತಿವೆ: ಒಂದು ಮಣಿ ಪೋಣಿಸುತ್ತದೆ, ಇನ್ನೊಂದು ಎರಡು ಮೂರು ಮಣಿಗೊಮ್ಮೆ ಆ ಸರವನ್ನು ಬಟ್ಟೆಗೆ ಬಿಗಿಯುತ್ತದೆ. ಬಳ್ಳಿ ತಿರುಗುತ್ತದೆ, ಎಲೆ ಮೂಡುತ್ತದೆ, ಕಾಡುಗುಲಾಬಿ ಅರಳುತ್ತದೆ. ಗಾಜಿನ ಮಣಿ ಯುರೋಪಿನ ತುಪ್ಪಳ ವ್ಯಾಪಾರಿಗಳ ಜೊತೆ ಬಂದದ್ದು, ಅದಕ್ಕೂ ಮೊದಲು ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಹಾಕಿ ಅಲಂಕರಿಸುತ್ತಿದ್ದರು. ಪರದೇಶದ ಆ ಗಾಜಿಗೆ ಒಜಿಬ್ವೆಯವರು ಇಟ್ಟ ಹೆಸರಿಗೆ ಚೇತನದ ಪುಟ್ಟ ಹಣ್ಣು ಎಂಬ ಅರ್ಥವಿದೆ. ಇದೇ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಜನರಿಗೆ ವಿವರಿಸುತ್ತಿದ್ದ ಮಾಡ್ ಕೆಗ್ (1904–1996) ಈ ಕಸೂತಿಯ ದೊಡ್ಡ ಹೆಸರು. 1990ರಲ್ಲಿ ಅವರಿಗೆ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಬಂತು.

ಇಂದಿನ ಹುಡುಗಿಯರ ಕೈಯಲ್ಲಿ ಅದೇ ಹೊಲಿಗೆ ಟೋಪಿಗೆ, ಕಿವಿಯೋಲೆಗೆ, ಕೊರಳಲ್ಲಿ ನೇತಾಡುವ ಗುರುತುಚೀಟಿಯ ಪಟ್ಟಿಗೆ ಏರಿದೆ. ಇದನ್ನು ಕಲಬೆರಕೆ ಎನ್ನುವವರನ್ನು ನಾನು ಒಪ್ಪಲಾರೆ. ಜಿಂಗಲ್ ಉಡುಪನ್ನೇ ನೋಡಿ. ಸುಮಾರು ನೂರು ವರ್ಷಗಳ ಹಿಂದೆ, ಇನ್‌ಫ್ಲುಯೆಂಜಾ ಊರೂರನ್ನು ಹೊಸಕುತ್ತಿದ್ದ ಕಾಲದಲ್ಲಿ, ಕಾಯಿಲೆ ಬಿದ್ದ ಮಗಳಿಗಾಗಿ ತಂದೆಯೊಬ್ಬ ಕಂಡ ಕನಸಿನಿಂದ ಅದು ಹುಟ್ಟಿತೆಂದು ಇಲ್ಲಿನವರು ಹೇಳುತ್ತಾರೆ. ನಶ್ಯದ ಡಬ್ಬಿಯ ತಗಡಿನ ಮುಚ್ಚಳ ಸುತ್ತಿ ಮಾಡಿದ ಕೊಳವೆಗಳನ್ನು ಲಂಗಕ್ಕೆ ಸಾಲಾಗಿ ಹೊಲಿದರು. ಹೆಜ್ಜೆಗೊಮ್ಮೆ ಮಳೆ ಬಿದ್ದಂತೆ ಸದ್ದು. ವಾಸಿಮಾಡುವ ಕುಣಿತ ಎಂದೇ ಅದನ್ನು ತೊಟ್ಟು ಇಂದಿಗೂ ಕುಣಿಯುತ್ತಾರೆ.

ಕಳವಳ ಇರುವುದು ಕಾಡಿನ ಬಗ್ಗೆ. ಬುಟ್ಟಿಗೆ ಬೇಕಾದ ಕಪ್ಪು ಆ್ಯಶ್ ಮರದ ದಿಮ್ಮಿಯನ್ನು ಬಡಿದರೆ ವರ್ಷವರ್ಷದ ಉಂಗುರಗಳು ಪಟ್ಟಿಪಟ್ಟಿಯಾಗಿ ಏಳುತ್ತವೆ. ಏಷ್ಯಾದಿಂದ ಬಂದ ಹಸಿರು ಕೊರಕ ದುಂಬಿ 2002ರಲ್ಲಿ ಮಿಷಿಗನ್ನಿನಲ್ಲಿ, 2009ರಲ್ಲಿ ಮಿನ್ನೆಸೋಟಾದಲ್ಲಿ ಪತ್ತೆಯಾಯಿತು. ಅದು ಹೊಕ್ಕ ಆ್ಯಶ್ ಮರ ಉಳಿಯುವುದು ಅಪರೂಪ.

ಬೆಂಗಳೂರಿನ ಕಾರುಗಳ ಕನ್ನಡಿಗೆ ತೂಗುವ ಡ್ರೀಮ್‌ಕ್ಯಾಚರ್ ಕೂಡ ಮೂಲದಲ್ಲಿ ಈ ಜನರದೇ. ಎಳೆ ಕೂಸಿನ ತೊಟ್ಟಿಲಿಗೆ ಕಟ್ಟುತ್ತಿದ್ದ ಜೇಡರ ಬಲೆ ಅದು. ಒಜಿಬ್ವೆ ಭಾಷೆಯಲ್ಲಿ ಅದರ ಹೆಸರಿನ ಅರ್ಥವೂ ಜೇಡ. ಮೂಲನಿವಾಸಿಗಳು ಮಾಡದ್ದನ್ನು ಅವರದೆಂದು ಮಾರುವುದು ಅಮೆರಿಕದಲ್ಲಿ 1990ರ ಕಾಯ್ದೆಯ ಪ್ರಕಾರ ಅಪರಾಧ. ಮಿನಿಯಾಪೊಲಿಸ್ ಕಡೆಯ ಕನ್ನಡಿಗರಿಗೆ ಮಿಲ್ ಲ್ಯಾಕ್ಸ್ ಎರಡು ತಾಸಿನೊಳಗಿನ ದಾರಿ. ಹೋದಾಗ ಆ ಮೇಜಿನ ಮುಂದೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಏನಾದರೂ ಕೊಳ್ಳುವುದಾದರೆ, ಬೆಲೆ ಕೇಳುವ ಮೊದಲು ಮಾಡಿದವರ ಹೆಸರು ಕೇಳಿ.